ಕಲಿಸಿದ್ದು, ಕಲಿಸದೆ ಬಿಟ್ಟದ್ದು

ಚಿನ್ನಮನೂರು
14 ಜುಲೈ 2024

ಕಾರ್ತಿಕಾ ಕಣ್ಣು,

ನಿನ್ನ ಪತ್ರ ಬಂತು. ಮೂರು ಪುಟ. ಅದರಲ್ಲಿ ‘ನನ್ನಿಮ್ಮಾ’ ಎಂಬ ಹೆಸರು ಹದಿನಾಲ್ಕು ಸಲ ಬಂದಿದೆ, ‘ಟೀಚರತ್ತೆ’ ಎರಡು ಸಲ. ಆ ಎರಡರಲ್ಲೂ ಒಂದು ಮೇಲ್ಗಡೆ, ನಮಸ್ಕಾರ ಹೇಳುವಾಗ. ಲೆಕ್ಕದ ಟೀಚರಿಗೆ ಪತ್ರ ಬರೆದರೆ ಅವಳು ಎಣಿಸದೆ ಬಿಡುತ್ತಾಳೆಯೇ?

ನೀನು ದಿಂಡಿಗಲ್ಲಿಗೆ ಹೋಗಿ ಆರು ವಾರವೂ ಆಗಿಲ್ಲ. ನಿನಗೆ ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಟೀಚರ್ ಕೆಲಸ ಸಿಕ್ಕಿತೆಂದು ನಮ್ಮ ಬೀದಿಗೆಲ್ಲ ಲಡ್ಡು ಹಂಚಿದವಳು ನಾನು, ನಿನ್ನ ಅಮ್ಮ ಗೋಮತಿ ಅಲ್ಲ. ಈಗ ನೀನು ಮಹಡಿಯ ಮೇಲೆ ಕೋಣೆ ಹಿಡಿದಿದ್ದೀಯ. ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ, ರಾವುತ್ತರ್ ಮುಸ್ಲಿಮರ ಮನೆಯ ಅಜ್ಜಿ, ಹೆಸರು ಸುಲೈಕಾ ಬೀವಿ, ಮಕ್ಕಳೆಲ್ಲ ನನ್ನಿಮ್ಮಾ ಎನ್ನುತ್ತಾರೆ. ಸಂಜೆ ನಾಲ್ಕೂವರೆಗೆ ಜಗಲಿಯಲ್ಲಿ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಾರೆ. ಸಂತೋಷ. ಆದರೆ ಬಿ.ಎಡ್. ಮಾಡಿದ ನೀನು ಆ ಮಕ್ಕಳ ನಡುವೆ ನೆಲದ ಮೇಲೆ ಹೋಗಿ ಕೂತುಕೊಳ್ಳುವುದು ಯಾಕೆ? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಇರಬೇಕು.

ನಮ್ಮ ಒಪ್ಪಂದ ಮರೆಯಬೇಡ. ಫೋನಿನಲ್ಲಿ ತಮಿಳು, ಕಾಗದದಲ್ಲಿ ಕನ್ನಡ. ತಮಿಳುನಾಡಿನ ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವವರು ಸಾವಿರಾರು ಜನ, ಅಕ್ಷರ ಬರೆಯಬಲ್ಲವರು ನನಗೆ ಗೊತ್ತಿದ್ದಂತೆ ಇಬ್ಬರೇ. ನಾನು ಮೈಸೂರಿನಲ್ಲಿ ಹತ್ತು ತಿಂಗಳು ತರಬೇತಿಗೆ ಕೂತು ಕಲಿತೆ. ನನ್ನ ತಮ್ಮ ಸೇಕರನ ವೀಳ್ಯದೆಲೆ ತೋಟದ ಚಾವಡಿಯಲ್ಲಿ ಕೂರಿಸಿ ನಿನಗೆ ಕಲಿಸಿದೆ. ಇದು ನಮ್ಮಿಬ್ಬರದು. ಬೇರೆಯವರಿಗೆ ಇದರಲ್ಲಿ ಪಾಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ವೀರಮ್ಮಾಳ್


ದಿಂಡಿಗಲ್
4 ಆಗಸ್ಟ್ 2024

ಟೀಚರತ್ತೆಗೆ ನಮಸ್ಕಾರ,

ನೆಲದ ಮೇಲೆ ಯಾಕೆ ಕೂತೆ ಎಂದು ಕೇಳಿದಿರಿ, ಹೇಳುತ್ತೇನೆ. ನನ್ನ ಏಳನೇ ಕ್ಲಾಸಿನಲ್ಲಿ ಕಲೈಸೆಲ್ವಿ ಎಂಬ ಹುಡುಗಿ ಇದ್ದಾಳೆ. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಎಂದು ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ಅವಳು ಎದ್ದು, “ಮಿಸ್, ಬಾಗ ಮಾಡುದ್ರೆ ಕಮ್ಮಿ ಆಗ್ಬೇಕಲ್ಲ, ಜಾಸ್ತಿ ಎಂಗಾತು?” ಎಂದಳು. ನಾನು ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಮತ್ತೊಮ್ಮೆ ಮಾಡಿದೆ. ಅದೇ ಸಂಜೆ ಅವಳು ಜಗಲಿಯಲ್ಲಿ ನನ್ನಿಮ್ಮಾಗೂ ಅದನ್ನೇ ಕೇಳಿದಳು. ನನಗೆ ಕುತೂಹಲ, ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ.

ಅವರು ಹೇಳಿದ್ದು ಇಷ್ಟೇ: “ಇದು ನನಗೂ ತಿಳೀದು ಪಾಪ್ಪಾ. ನಾಳೆಗೆ ಬಾ, ಯೋಸನೆ ಮಾಡಿಟ್ಟಿರ್ತೀನಿ.”

ಮಾರನೆಯ ದಿನ ವೀಳ್ಯದೆಲೆ ತರಿಸಿದ್ದರು. ಒಂದು ಕವುಳಿ ಎಂದರೆ ನೂರು ಎಲೆ, ನಿಮಗೆ ಹೇಳಬೇಕಾಗಿಲ್ಲ. ಅರ್ಧ ಕವುಳಿ ಅವಳ ಮಡಿಲಿಗೆ ಹಾಕಿ, “ಇದರಾಗೆ ಕಾಲು ಕವುಳಿ ಎಷ್ಟು ಸಲ ಅಡಗೈತೆ, ಎತ್ತಿಡು” ಎಂದರು. ಅವಳು ಇಪ್ಪತ್ತೈದು ಎಣಿಸಿ ಇಟ್ಟಳು, ಇನ್ನೊಂದು ಇಪ್ಪತ್ತೈದು ಎಣಿಸಿ ಇಟ್ಟಳು, ನಗಲು ಶುರು ಮಾಡಿದಳು. ಭಾಗಿಸುವುದು ಎಂದರೆ ಕಡಿಮೆ ಮಾಡುವುದಲ್ಲ, ಎಷ್ಟು ಸಲ ಅಡಗಿದೆ ಎಂದು ಕೇಳುವುದು. ಆ ಮೇಲೆ ನಾನು ನೆಲದ ಮೇಲೆ ಕೂರದೆ ಇರಲು ಹೇಗೆ ಸಾಧ್ಯ?

ಅವರ ಅಪ್ಪ ವೀಳ್ಯದೆಲೆ ವ್ಯಾಪಾರಿ, ನನ್ನಿಮ್ಮಾ ಹನ್ನೆರಡು ವರ್ಷದವರೆಗೆ ನಮ್ಮ ಚಿನ್ನಮನೂರಿನಲ್ಲೇ ಬೆಳೆದರಂತೆ. ನಮ್ಮ ಮಾತು ಚೆನ್ನಾಗಿ ಬರುತ್ತದೆ. ಅವರ ತಾತ ಕಲಿತವರು. ಯಾರಾದರೂ ತೀರಿಕೊಂಡರೆ ಆಸ್ತಿಯ ಪಾಲು ಲೆಕ್ಕ ಹಾಕಲು ಜನ ಅವರ ಹತ್ತಿರ ಬರುತ್ತಿದ್ದರು. ಹೆಂಡತಿಗೆ ಎಂಟರಲ್ಲಿ ಒಂದು, ತಾಯಿಗೆ ಆರರಲ್ಲಿ ಒಂದು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಟ್ಟದ್ದು ಹಾಗೆ. ಹಳೆಯ ಕಾಲದ ಅವರ ಗುರುಗಳ ಪದ್ಧತಿಯಂತೆ ಒಂದೇ ಪಾಠ ಮೂರು ಸುತ್ತು: ಮೊದಲು ಮೇಲೆ ಮೇಲೆ, ಆಮೇಲೆ ವಿವರವಾಗಿ, ಕೊನೆಗೆ ಕಷ್ಟದ ಜಾಗಗಳು. ಗೊತ್ತಿಲ್ಲ ಎನ್ನಬಲ್ಲವನ ಕೈಯಲ್ಲಿ ಅರ್ಧ ವಿದ್ಯೆ ಇದ್ದ ಹಾಗೆ ಎನ್ನುತ್ತಾರೆ. ಹೊಡೆದರೆ ಮಗು ಪಾಠ ಕಲಿಯುವುದಿಲ್ಲ, ಸುಳ್ಳು ಹೇಳಲು ಕಲಿಯುತ್ತದೆ ಎನ್ನುತ್ತಾರೆ. “ನಮ್ಮ ಟೀಚರತ್ತೆಯೂ ಒಂದು ದಿನ ನನ್ನ ಮೇಲೆ ಕೈ ಎತ್ತಿದವರಲ್ಲ” ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ನನ್ನನ್ನೇ ನೋಡುತ್ತಾ ಕೂತರು.

ನಿಮ್ಮ ಪತ್ರ ತೋರಿಸಿದೆ. “ಇದೇನು ಜಿಲೇಬಿ ಸುತ್ತಿದಂಗೈತೆ” ಎಂದು ಬೆರಳಿಂದ ಅಕ್ಷರಗಳ ಮೇಲೆ ತಿದ್ದಿದರು.

ನಿಮ್ಮ ಕಾರ್ತಿಕಾ


ಚಿನ್ನಮನೂರು
18 ಆಗಸ್ಟ್ 2024

ಕಾರ್ತಿಕಾ,

ನಾನು ನಿನಗೆ ಬರೆದದ್ದನ್ನು ಜಗಲಿಯಲ್ಲಿ ಹಾಸಿ ತೋರಿಸು ಎಂದು ನಾನು ಹೇಳಿದ ನೆನಪಿಲ್ಲ. ಜಿಲೇಬಿಯಂತೆ!

ಎಲೆ ಎಣಿಸಿ ಭಾಗಾಕಾರ ಹೇಳುವುದು ಏನು ದೊಡ್ಡ ವಿಷಯ? ಯಾರಿಗೆ ಗೊತ್ತಿಲ್ಲ ಅದು? ನಮ್ಮ ಸೇಕರನ ಚಾವಡಿಯಲ್ಲಿ ನೀನು ಸ್ಲೇಟು ಹಿಡಿದು ಕೂತಿದ್ದಾಗ ಸುತ್ತ ಕವುಳಿಗಟ್ಟಲೆ ಎಲೆ ಇತ್ತು. ನಮ್ಮ ಊರಿನ ಎಲೆಯನ್ನು ದಿಂಡಿಗಲ್ಲಿಗೆ ಹೋಗಿ ಕಲಿತುಬಂದಿದ್ದೀಯ, ಸಂತೋಷ.

ಒಂದು ಮಾತು ಹೇಳುತ್ತೇನೆ, ಅವರಿಗೂ ಹೇಳು. ಅವರ ಜಗಲಿಗೆ ಬರುವವರು ಇಷ್ಟಪಟ್ಟು ಬರುವ ಇಪ್ಪತ್ತಮೂರು ಹುಡುಗಿಯರು. ಯಾರು ಎಷ್ಟು ದಿನದಲ್ಲಿ ಕಲಿತರೂ ಆಯಿತು. ನನಗೆ ನಲವತ್ತೆರಡು ಮಕ್ಕಳು. ಬಾಳೆತೋಟದ ಕೂಲಿಯವರ ಮಗ, ಬಸ್ ಕಂಡಕ್ಟರನ ಮಗಳು, ಬೆಳಿಗ್ಗೆ ತಿಂಡಿ ತಿನ್ನದೆ ಬಂದವನು, ಯಾರನ್ನೂ ಆರಿಸಿಕೊಳ್ಳುವ ಹಾಗಿಲ್ಲ, ಯಾರನ್ನೂ ಬಿಡುವ ಹಾಗಿಲ್ಲ. ನಲವತ್ತು ನಿಮಿಷಕ್ಕೆ ಬೆಲ್ಲು. ಅದರಲ್ಲಿ ಹತ್ತು ನಿಮಿಷ ಹಾಜರಿಯನ್ನು ಫೋನಿಗೆ ತುಂಬಲು. ‘ಗೊತ್ತಿಲ್ಲ, ನಾಳೆ ಬಾ’ ಎಂದು ಒಂದು ದಿನ ನಾನು ಹೇಳಿದರೆ ಆ ನಾಳೆಗೆ ಬೇರೆ ಪಾಠ ಕಾದಿರುತ್ತದೆ. ಅವರ ಹಳೆಯ ಗುರುಗಳು ನಮ್ಮ ಎಂಟನೇ ಕ್ಲಾಸಿಗೆ ಒಂದು ವಾರ ಬಂದು ನೋಡಲಿ, ಆಮೇಲೆ ಮಾತಾಡೋಣ.

ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ. ನೋಡೋಣ, ಎಷ್ಟು ದಿನ.

ವೀರಮ್ಮಾಳ್


ದಿಂಡಿಗಲ್
10 ನವೆಂಬರ್ 2024

ಟೀಚರತ್ತೆಗೆ ನಮಸ್ಕಾರ,

ಮೂರು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ನೀವು ಹೇಳಿದ್ದನ್ನು ನನ್ನಿಮ್ಮಾಗೆ ಹೇಳಿದೆ. “ನಿನ್ ಟೀಚರ್ ಸೊಲ್ಲಿದ್ದು ಸರಿ. ಬಾಗಿಲಿಗೆ ಬಂದ ಮಗೂನೆಲ್ಲ ಒಳಗೆ ಇಟ್ಕೊಳ್ಳೋದು ದೊಡ್ಡ ಕೆಲಸ, ನನ್ನ ಕೈಲಾಗದು” ಎಂದರು. ನಾನು ಸೋತದ್ದು ನಿಮಗೆ ಖುಷಿಯಾಗಬಹುದು ಎಂದು ಬರೆದಿದ್ದೇನೆ.

ಈಗ ಒಂದು ಕೆಲಸ ಆಗಬೇಕು, ನಿಮ್ಮಿಂದಲೇ. ನನ್ನಿಮ್ಮಾಗೆ ಮಂಡಿ ನೋವು ಜಾಸ್ತಿ. ತಿರುಚ್ಚಿಯಲ್ಲಿರುವ ಮಗಳು ರಂಜಾನ್ ಕಳೆದ ಮೇಲೆ ಕರೆದುಕೊಂಡು ಹೋಗುತ್ತಾಳಂತೆ. ಜಗಲಿಯ ಪಾಠವನ್ನು ನನಗೆ ವಹಿಸಬೇಕು ಎಂದು ಅವರಿಗೂ ಆಸೆ, ನನಗೂ ಆಸೆ. ಆದರೆ ಅವರಲ್ಲಿ ಸುಮ್ಮನೆ ವಹಿಸುವುದಿಲ್ಲ. ಇಜಾಜತ್ ಬರೆದುಕೊಡಬೇಕು, ಅಂದರೆ ಕಲಿಸಲು ಅನುಮತಿ. ಶಿಷ್ಯೆ ಕಲಿತದ್ದನ್ನೆಲ್ಲ ಗುರುವಿನ ಮುಂದೆ ಒಪ್ಪಿಸಬೇಕು, ಗುರು ಕೇಳಿ ತೃಪ್ತಿಯಾದರೆ ತನ್ನ ಕೈಯಿಂದಲೇ ಬರೆದುಕೊಡುತ್ತಾರೆ. ಅವರ ತಾತ ಕೊಟ್ಟದ್ದನ್ನು ತೋರಿಸಿದರು. ಇವಳು ನನ್ನಿಂದ ಕಲಿತಳು, ನಾನು ಇಂಥವರಿಂದ ಕಲಿತೆ, ಅವರು ಇಂಥವರಿಂದ ಎಂದು ಹದಿನಾಲ್ಕು ಹೆಸರು. ಒಂದು ಶಾಲೆಯ ಹೆಸರೂ ಇಲ್ಲ, ಎಲ್ಲ ಮನುಷ್ಯರ ಹೆಸರು.

ಅವರ ಮನೆಯಲ್ಲಿ ಇನ್ನೊಂದು ರೂಢಿ ಇದೆ. ಬೇರೆಯವರ ಹತ್ತಿರ ಮೊದಲು ಕಲಿತು ಬಂದವಳಾದರೆ, ಆ ಮೊದಲ ಗುರುವಿನಿಂದ ಕಾಗದ ಬರಬೇಕು. ‘ಇವಳಿಗೆ ಇದನ್ನು ಕಲಿಸಿದೆ, ಇದನ್ನು ಕಲಿಸದೆ ಬಿಟ್ಟೆ’ ಎಂದು. ಅದು ಬರದೆ ಅವರು ಬರೆಯುವುದಿಲ್ಲ. ಕಲಿಸಿದ್ದು ಮತ್ತು ಬಿಟ್ಟದ್ದು, ಎರಡೂ ಬೇಕಂತೆ.

ದಯವಿಟ್ಟು ಬರೆದು ಕಳಿಸಿ ಅತ್ತೆ. ಇಲ್ಲದಿದ್ದರೆ ಜಗಲಿ ಮುಚ್ಚುತ್ತದೆ.

ನಿಮ್ಮ ಕಾರ್ತಿಕಾ


ಚಿನ್ನಮನೂರು
25 ನವೆಂಬರ್ 2024

ಕಾರ್ತಿಕಾ,

ಕೇಳಿದ ಕಾಗದ ಇದರ ಜೊತೆಗಿದೆ. ಹೆಡ್‌ಮಾಸ್ಟರ್ ಅಯ್ಯನಾರ್ ಅವರು ಸಹಿ ಹಾಕಿ ಮೊಹರು ಒತ್ತಿದ್ದಾರೆ. ಮೂರು ಪ್ರತಿ. ತಮಿಳಿನಲ್ಲಿ ಬರೆದದ್ದು ಇಷ್ಟು:

‘ಕುಮಾರಿ ಕಾರ್ತಿಕಾ ಈ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಓದಿದ್ದು, ಗಣಿತದಲ್ಲಿ ಪ್ರಥಮ ಸ್ಥಾನ ಪಡೆದಿರುತ್ತಾಳೆ. ಪಠ್ಯಕ್ರಮದ ಎಲ್ಲ ಭಾಗಗಳನ್ನೂ ಕಲಿಸಲಾಗಿದೆ. ಕಲಿಸದೆ ಬಿಟ್ಟದ್ದು: ಇಲ್ಲ. ನಡತೆ: ತೃಪ್ತಿಕರ.’

ವೀರಮ್ಮಾಳ್


ದಿಂಡಿಗಲ್
15 ಡಿಸೆಂಬರ್ 2024

ಟೀಚರತ್ತೆಗೆ,

ನನ್ನಿಮ್ಮಾ ಕಾಗದವನ್ನು ಮೂರು ಸಲ ಓದಿಸಿ ಕೇಳಿದರು. ಆಮೇಲೆ ನೇರಳೆ ಮೊಹರಿನ ಮೇಲೆ ಬೆರಳಿಟ್ಟು, “ಇವರು ನಿನಗೆ ಏನು ಕಲಿಸಿದ್ರು?” ಎಂದರು. ಅದು ಮೊಹರು, ಮನುಷ್ಯರಲ್ಲ ಎಂದೆ. “ಅಂಗಾದ್ರೆ ಕಲಿಸಿದೋರನ್ನ ಬರೆಯಾಕೆ ಹೇಳು.”

ಇನ್ನೂ ಒಂದು ಮಾತು ಹೇಳಿದರು, ಬರೆಯದೆ ಇರಲಾರೆ. “ನೀನೂ ನಿನ್ನ ಟೀಚರ್ ತಪ್ಪೇ ಇಲ್ದೋರು ಅಂತೀಯ, ಅವರೂ ಬಿಟ್ಟದ್ದು ಒಂದೂ ಇಲ್ಲ ಅಂತಾರೆ. ಇಬ್ರೂ ಸೇರಿ ಏನೋ ಬಚ್ಚಿಡ್ತಿದೀರ ಪಾಪ್ಪಾ.”

ನಾನೇನೂ ಬಚ್ಚಿಟ್ಟಿಲ್ಲ. ಅತ್ತೆ, ಇನ್ನೊಂದು ಸಲ ಬರೆಯುತ್ತೀರಾ? ಕನ್ನಡದಲ್ಲಿ, ನಿಮ್ಮ ಕೈಯಲ್ಲಿ.

ಕಾರ್ತಿಕಾ


ಚಿನ್ನಮನೂರು
3 ಜನವರಿ 2025

ಕಾರ್ತಿಕಾ,

ಬರೆಯುವುದಿಲ್ಲ.

ನಿನ್ನ ಅಮ್ಮ ನಿನ್ನೆ ಬಂದಿದ್ದಳು. “ಮಗ್ಳು ದೀಪಾವಳಿಗೆ ಒಂದೇ ದಿನ ಇದ್ದು ಓಡೋದ್ಲು ಅಕ್ಕಾ, ಆ ಅಮ್ಮಂಗೆ ಮಂಡಿ ನೋವಂತೆ, ಎಣ್ಣೆ ತಿಕ್ಕೋಕೆ ಆಳಿಲ್ವಂತೆ” ಎಂದು ಕಣ್ಣೊರೆಸಿಕೊಂಡಳು. ಆ ಒಂದು ದಿನದಲ್ಲಿ ನಮ್ಮ ಮನೆಗೆ ನೀನು ಬಂದದ್ದು ಹತ್ತು ನಿಮಿಷ. ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚು. ಐವತ್ತೇಳನೇ ವಯಸ್ಸಿನಲ್ಲಿ ಮುಖ ನೋಡದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ, ನಾಚಿಕೆಯೂ ಆಗುತ್ತಿದೆ, ಕಿಚ್ಚೂ ಆರುತ್ತಿಲ್ಲ. ನನಗೆ ಮದುವೆ ಇಲ್ಲ, ಮಕ್ಕಳಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ನೂರು ಮಕ್ಕಳು ನನ್ನ ಕೈಕೆಳಗೆ ಕಲಿತು ಹೋದರು, ತಿರುಗಿ ನೋಡಿದವಳು ನೀನೊಬ್ಬಳು. ಆ ಒಬ್ಬಳನ್ನು ಹದಿನಾಲ್ಕು ಹೆಸರಿನ ಸಾಲಿಗೆ, ಅವರ ಹೆಸರಾದ ಮೇಲೆ, ಹದಿನಾರನೆಯವಳಾಗಿ ಸೇರಿಸಿಕೊಳ್ಳಲು ಅವರಿಗೆ ನನ್ನ ಕೈಬರಹ ಬೇಕೇ? ಹೆಣ್ಣನ್ನು ಒಪ್ಪಿಸಿಕೊಡುವ ಹಾಗೆ ನಾನು ಒಪ್ಪಿಸಿಕೊಡಬೇಕೇ? ನನ್ನಿಂದ ಆಗುವುದಿಲ್ಲ.

ವೀರಮ್ಮಾಳ್


ದಿಂಡಿಗಲ್
2 ಮಾರ್ಚ್ 2025

ಟೀಚರತ್ತೆಗೆ,

ಇವತ್ತು ನೋಂಬು, ರಂಜಾನಿನ ಉಪವಾಸ, ಶುರುವಾಯಿತು. ತಿಂಗಳ ಕೊನೆಗೆ ಹಬ್ಬ. ಹಬ್ಬವಾದ ಹದಿನೈದು ದಿನಕ್ಕೆ ನನ್ನಿಮ್ಮಾ ತಿರುಚ್ಚಿಗೆ ಹೋಗುತ್ತಾರೆ. ಕಲೈಸೆಲ್ವಿ ಮತ್ತು ಉಳಿದ ಹುಡುಗಿಯರು ಎಲ್ಲಿಗೆ ಹೋಗುವುದು ಎಂದು ಕೇಳುತ್ತಿದ್ದಾರೆ.

ನಾನು ಇನ್ನು ಕೇಳುವುದಿಲ್ಲ. ನಿಮ್ಮ ಮೇಲೆ ಕೋಪವೂ ಇಲ್ಲ.

ಕಾರ್ತಿಕಾ


ಚಿನ್ನಮನೂರು
16 ಮಾರ್ಚ್ 2025

ಸುಲೈಕಾ ಬೀವಿ ಅಮ್ಮ ಅವರಿಗೆ,

ಇದನ್ನು ಕಾರ್ತಿಕಾ ನಿಮಗೆ ಓದಿ ಹೇಳಬೇಕು. ನಡುವೆ ನಿಲ್ಲಿಸಬಾರದು, ಏನನ್ನೂ ಬಿಡಬಾರದು. ಇದು ಟೀಚರ್ ಆಜ್ಞೆ.

ಕಲಿಸಿದ್ದು. ಕೂಡುವುದು, ಕಳೆಯುವುದು, ಗುಣಿಸುವುದು. ನೋಟ್‌ಬುಕ್ಕಿಗೆ ಅಂಚು ಬಿಡುವುದು. ಪರೀಕ್ಷೆಗೆ ಮುಂಚೆ ಸುಲಭದ ಲೆಕ್ಕ ಹುಡುಕಿಕೊಂಡು ಮಾಡುವುದು. ಕನ್ನಡದ ಅಕ್ಷರಗಳು, ಒತ್ತಕ್ಷರ ಸಹಿತ.

ಕಲಿಸದೆ ಬಿಟ್ಟದ್ದು. ಭಿನ್ನರಾಶಿಯ ಭಾಗಾಕಾರ.

ಕಾರ್ತಿಕಾ ಏಳನೇ ಕ್ಲಾಸಿನಲ್ಲಿದ್ದಾಗ ಎದ್ದು ನಿಂತು, “ಟೀಚರ್, ಅರ್ಧಾನ ಕಾಲ್ರಿಂದ ಬಾಗಿಸುದ್ರೆ ಎಲ್ಡು ಎಂಗೆ?” ಎಂದು ಕೇಳಿದಳು. ನಿಮ್ಮ ಕಲೈಸೆಲ್ವಿ ಕೇಳಿದ್ದೇ. ನನಗೆ ಗೊತ್ತಿರಲಿಲ್ಲ. ತಲೆಕೆಳಗು ಮಾಡಿ ಗುಣಿಸು ಎಂದು ನನಗೆ ನನ್ನ ಟೀಚರ್ ಹೇಳಿದ್ದರು, ಅಷ್ಟೇ ಗೊತ್ತಿದ್ದದ್ದು. ಅದನ್ನೇ ಹೇಳಿದೆ. ಅವಳು ಮತ್ತೆ ‘ಯಾಕೆ’ ಎಂದಳು. ಆ ದಿನ ಹಿಂದಿನ ಬೆಂಚಿನಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದರು. ನಾನು ಅವಳನ್ನು ಮುಂದಕ್ಕೆ ಕರೆದು ಬಲಗೈ ಚಾಚಿಸಿ ಬೆರಳ ಗಿಣ್ಣಿನ ಮೇಲೆ ಮರದ ಸ್ಕೇಲಿನಿಂದ ಆರು ಏಟು ಕೊಟ್ಟೆ. ಎದುರು ಮಾತಾಡಿದ್ದಕ್ಕೆ ಎಂದೆ. ಇನ್‌ಸ್ಪೆಕ್ಟರ್ ತಲೆದೂಗಿದರು. ಒಂದು ವಾರ ಅವಳು ಎಡಗೈಯಲ್ಲಿ ಅನ್ನ ತಿಂದಳು. ಗೋಮತಿಗೆ ಬಿದ್ದೆ ಎಂದು ಹೇಳಿದ್ದಳು.

ಅದರ ಮರುವಾರವೇ ಅವಳನ್ನು ಸೇಕರನ ಚಾವಡಿಗೆ ಕರೆದು ಕನ್ನಡ ಅಕ್ಷರ ಕಲಿಸಲು ಶುರು ಮಾಡಿದ್ದು. ಊರವರೆಲ್ಲ ಟೀಚರಿಗೆ ಆ ಹುಡುಗಿಯ ಮೇಲೆ ಎಷ್ಟು ಪ್ರೀತಿ ಎಂದರು. ಪ್ರೀತಿ ಆಮೇಲೆ ಬಂತು. ಮೊದಲು ಇದ್ದದ್ದು ಭಯ, ಅವಳು ಮತ್ತೆ ಆ ಪ್ರಶ್ನೆ ಕೇಳಿಬಿಟ್ಟರೆ ಎಂದು. ಅವಳು ಮತ್ತೆ ಕೇಳಲೇ ಇಲ್ಲ. ಆ ಪ್ರಶ್ನೆ ಮಾತ್ರವಲ್ಲ, ಯಾವ ‘ಯಾಕೆ’ಯನ್ನೂ ನನ್ನ ಹತ್ತಿರ ಕೇಳಲಿಲ್ಲ. ಎಲ್ಲವನ್ನೂ ನಿಮ್ಮ ಹತ್ತಿರ ಕೇಳಿದಳು. ನನ್ನ ಹೊಟ್ಟೆಕಿಚ್ಚಿನ ಬುಡ ಅಲ್ಲಿದೆ.

ಕಳೆದ ಆಗಸ್ಟಿನಲ್ಲಿ ಅವಳ ಪತ್ರ ಬಂತು. ಅರ್ಧ ಕವುಳಿಯಲ್ಲಿ ಕಾಲು ಕವುಳಿ ಎಷ್ಟು ಸಲ ಅಡಗಿದೆ ಎಂದು ಓದಿದೆ. ಯಾರಿಗೆ ಗೊತ್ತಿಲ್ಲ ಅದು ಎಂದು ಜಂಭದಿಂದ ಉತ್ತರ ಬರೆದೆ. ಗೊತ್ತಿಲ್ಲದಿದ್ದದ್ದು ನನಗೆ. ಮೂವತ್ತೊಂದು ವರ್ಷ ಕಲಿಸಿದ ಲೆಕ್ಕ ಆ ದಿನ ಮೊದಲ ಸಲ ಅರ್ಥವಾಯಿತು. ಸೇಕರನ ತೋಟಕ್ಕೆ ಹೋಗಿ, ಯಾರೂ ಇಲ್ಲದಾಗ, ಐವತ್ತು ಎಲೆ ಎಣಿಸಿ ನೋಡಿದೆ.

ನೀವು ಒಂದು ದಿನ ‘ಗೊತ್ತಿಲ್ಲ, ನಾಳೆ ಬಾ’ ಎಂದಿರಿ. ನಾನು ಹದಿನಾರು ವರ್ಷ ತಡಮಾಡಿ ಈಗ ಹೇಳುತ್ತಿದ್ದೇನೆ: ಗೊತ್ತಿರಲಿಲ್ಲ. ಇವಳಿಗೆ ನೀವು ಅನುಮತಿ ಕೊಡಬಹುದು. ಕೇಳುವ ಮಗುವನ್ನು ಇವಳು ಹೊಡೆಯುವುದಿಲ್ಲ. ಅದನ್ನು ಇವಳು ಕಲಿತದ್ದು ನನ್ನಿಂದಲ್ಲ.

ವೀರಮ್ಮಾಳ್


ದಿಂಡಿಗಲ್
23 ಮಾರ್ಚ್ 2025

ಟೀಚರತ್ತೆಗೆ,

ನೀವು ಹೇಳಿದ ಹಾಗೆ ನಿಲ್ಲಿಸದೆ ಓದಿದೆ. ಆರು ಏಟಿನ ಸಾಲನ್ನು ಮಾತ್ರ ಎರಡು ಸಲ ಓದಿದೆ.

ನನಗೆ ಎಲ್ಲ ನೆನಪಿತ್ತು ಅತ್ತೆ. ಒಂದು ದಿನವೂ ಮರೆತಿಲ್ಲ. ನೀವು ಕೈ ಎತ್ತಿದವರಲ್ಲ ಎಂದು ಅವರಿಗೆ ಹೇಳಿದ್ದು ಸುಳ್ಳು ಎಂದು ಹೇಳುವಾಗಲೇ ಗೊತ್ತಿತ್ತು. ನಿಮ್ಮನ್ನು ಯಾರಾದರೂ ಕಡಿಮೆ ನೋಡಿದರೆ ನನಗೆ ತಡೆಯದು, ಅದಕ್ಕೆ ಹೇಳಿದೆ. ಅವರು ಹಾಗೆ ನೋಡುತ್ತಾ ಕೂತದ್ದು ಯಾಕೆ ಎಂದು ಈಗ ಕೇಳಿದೆ. “ಏನಾದ್ರೂ ಕೇಳೋ ಮುಂಚೆ ಬಲಗೈನ ಸೆರಗಿನಾಗೆ ಸುತ್ಕೋತೀಯ. ಮೊದಲ ದಿನದಿಂದ ನೋಡ್ತಾ ಇದೀನಿ” ಎಂದರು. ನನಗೇ ಅದು ಗೊತ್ತಿರಲಿಲ್ಲ.

ನಿಮ್ಮ ಕಾಗದವನ್ನು ಮಡಚಿ ತಾತನ ಕಾಗದದ ಜೊತೆ ಇಟ್ಟರು. ಇವತ್ತು ಸಂಜೆ ಹುಡುಗಿಯರ ಮುಂದೆ ನನಗೆ ಅನುಮತಿ ಬರೆದುಕೊಟ್ಟರು. ಅದರಲ್ಲಿ ಎರಡು ಸಾಲು ಹೆಸರುಗಳಿವೆ. ಒಂದು ಅವರ ತಾತನ ಕಡೆಯದು. ಇನ್ನೊಂದರಲ್ಲಿ ಒಂದೇ ಹೆಸರು, ನಿಮ್ಮದು. ಜಗಲಿ ಮುಚ್ಚುವುದಿಲ್ಲ.

ನಿಮ್ಮ ಕಾರ್ತಿಕಾ


ದಿಂಡಿಗಲ್
6 ಏಪ್ರಿಲ್ 2025

ವೀರಮ್ಮಾಳ್ ಟೀಚರ್ ಅವರಿಗೆ,

ಸುಲೈಕಾ ಬರೆಯೋದು. ಇದು ನನ್ನ ಕೈ. ಯಾರೂ ಹಿಡಿದಿಲ್ಲ.

ಈ ಅಕ್ಷರ ನಿಮ್ಮ ಹುಡುಗಿ ಕಲಿಸಿದ್ದು. ಎಂಟು ತಿಂಗಳು ಆಯಿತು. ನಿಮಗೆ ಹೇಳಬೇಡ ಅಂದೆ. ನಿಮ್ಮ ಕಾಗದ ಬಂದ ದಿನ ಅವಳು ಜಗಲಿಗೆ ಬರೋದು ತಡ. ಮೊದಲು ಕಾಗದ, ಆಮೇಲೆ ನಾನು. ಓದಿ ನಗೋಳು, ಓದಿ ಅಳೋಳು. ಏನು ಕೇಳಿದರೂ ನಮ್ಮ ಟೀಚರತ್ತೆ ಹಂಗೆ, ನಮ್ಮ ಟೀಚರತ್ತೆ ಹಿಂಗೆ. ನನಗೆ ಹೊಟ್ಟೆ ಉರೀತು. ಅದರಲ್ಲಿ ಏನು ಐತೆ ನಾನೇ ಓದಬೇಕು ಅಂತ ಕಲಿತೆ.

ನಿಮ್ಮ ಹುಡುಗಿ ಹತ್ತಿರ ಕಲಿತವಳು ನಿಮ್ಮವಳು. ನಮ್ಮ ಪದ್ಧತಿ ಅದು. ನಾನೂ ನಿಮ್ಮ ಸಾಲಿನಲ್ಲಿ ಇದೀನಿ.

ತಪ್ಪು ತಿದ್ದಿ ಕಳಿಸಿ. ಸರಿ ಇದ್ದರೆ ನನಗೂ ಬರೆದುಕೊಡಿ. ಮೊಹರು ಬೇಡ.

ಸುಲೈಕಾ


ಚಿನ್ನಮನೂರು
9 ಏಪ್ರಿಲ್ 2025

ಸುಲೈಕಾ ಬೀವಿ ಅಮ್ಮ ಅವರಿಗೆ,

ಹನ್ನೊಂದು ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದೇನೆ. ನಿಮ್ಮ ವಯಸ್ಸು ನೋಡಿ ಒಂದನ್ನೂ ಬಿಟ್ಟಿಲ್ಲ.

ಅನುಮತಿ ಈಗಲೇ ಕೊಡಲಾರೆ. ಎದುರು ಕೂತು ಓದಿ ಒಪ್ಪಿಸದೆ ಬರೆದುಕೊಡುವ ರೂಢಿ ನಿಮ್ಮಲ್ಲೇ ಇಲ್ಲವಂತೆ. ತಿರುಚ್ಚಿಗೆ ಹೋಗುವ ಮುಂಚೆ, ಈ ಶನಿವಾರ, ನೀವು ಬೆಳೆದ ಊರಿಗೆ ಒಂದು ಸಲ ಬನ್ನಿ. ನಿಮ್ಮ ಮಂಡಿಗೆ ಬಸ್ಸು ಆಗದು, ಸೇಕರ್ ಕಾರು ತರುತ್ತಾನೆ. ಅವನ ಚಾವಡಿಯಲ್ಲಿ ಇಬ್ಬರೂ ಕೂರೋಣ. ಹೊಸ ಎಲೆ ಕೊಯ್ದು ಇಟ್ಟಿರುತ್ತೇನೆ, ಎಣಿಸಲೂ ಆಗುತ್ತದೆ, ಹಾಕಿಕೊಳ್ಳಲೂ ಆಗುತ್ತದೆ.

ಕಾರ್ತಿಕಾಳಿಗೆ ಶನಿವಾರ ಜಗಲಿಯಲ್ಲಿ ಪಾಠ ಇರುತ್ತದೆ. ಅವಳು ಬರಬೇಕಾಗಿಲ್ಲ. ಎಂಟು ತಿಂಗಳು ನಿಮಗೆ ಅಕ್ಷರ ತಿದ್ದಿಸಿ ನನಗೆ ಒಂದು ಮಾತೂ ಹೇಳದೆ ಇದ್ದವಳು ಅವಳು, ಸ್ವಲ್ಪ ಹೊಟ್ಟೆ ಉರಿದುಕೊಳ್ಳಲಿ.

ಒಂದು ಕೋರಿಕೆ ಇದೆ. ಅರ್ಧ ಕವುಳಿಯ ಲೆಕ್ಕ ನನಗೆ ಮತ್ತೆ ಹೇಳಬೇಡಿ, ಅದು ಅವಳಿಗೆ ಹೇಳಿದ್ದು. ಅವಳಿಗೆ ಇನ್ನೂ ಹೇಳಿಕೊಡದ ಲೆಕ್ಕ ಒಂದಾದರೂ ನಿಮ್ಮಲ್ಲಿ ಉಳಿದಿರುತ್ತದೆ. ಅದನ್ನು ನನಗೆ ಮೊದಲು ಹೇಳಿಕೊಡಿ.

ವೀರಮ್ಮಾಳ್